ಕುಬಟೂರಿನಕ್ಕನ ಬುಧವಾರಗಳು

ಮೊನ್ನೆ ಆನವಟ್ಟಿ ರಸ್ತೆಯಲ್ಲಿ ಶುಂಠಿ ತುಂಬಿದ ಟ್ರ್ಯಾಕ್ಟರ್ ಒಂದರ ಹಿಂದೆ ಸಿಕ್ಕಿಹಾಕಿಕೊಂಡೆ. ಮುಂದೆ ಹೋಗಲು ಜಾಗ ಕೊಡುವುದಿಲ್ಲ, ಹಾರ್ನ್ ಹೊಡೆದರೆ ಕೇಳಿಸುವುದಿಲ್ಲ. ಡ್ರೈವರ್ ಜೋರಾಗಿ ಹಾಡು ಹಾಕಿಕೊಂಡು ಹಾಯಾಗಿದ್ದ. ಮಣ್ಣು ಮೆತ್ತಿದ ಹಸಿ ಶುಂಠಿಯ ಖಾರದ ವಾಸನೆ ಹೆಲ್ಮೆಟ್ಟಿನೊಳಗೆಲ್ಲ ತುಂಬಿಕೊಂಡಿತು. ನನಗೆ ಆ ವಾಸನೆ ಆಗುವುದಿಲ್ಲ. ಅಲರ್ಜಿ ಏನಲ್ಲ. ಆ ವಾಸನೆ ಬಂದರೆ ಒಬ್ಬರ ಕೈ ನೆನಪಾಗುತ್ತದೆ, ಆ ಕೈ ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ, ಆಮೇಲೆ ಇಡೀ ದಿನ ಎದುರಿಗೆ ಸಿಕ್ಕವರ ಮೇಲೆಲ್ಲ ರೇಗುತ್ತೇನೆ. ಸಾಲದ್ದಕ್ಕೆ ಅವತ್ತು ನಾನು ಹೊರಟಿದ್ದೂ ಕುಬಟೂರಿಗೇ.

ನಾನು ಲೈನ್‌ಮನ್. ಕಂಬ ಹತ್ತುವುದು ನನ್ನ ಕೆಲಸ. ಹೋದ ವರ್ಷ ಸೊರಬದ ಕಡೆಗೆ ವರ್ಗವಾಗುವ ತನಕ ಸರ್ವಿಸೆಲ್ಲ ಕಳೆದದ್ದು ಶಿಕಾರಿಪುರದಲ್ಲೇ. ಅದರಲ್ಲಿ ಒಂದು ವರ್ಷ ಮಾತ್ರ ನಾನು ಒಂದೇ ಒಂದು ಕಂಬವನ್ನೂ ಹತ್ತಲಿಲ್ಲ. ಏಣಿಯ ಮೂರನೇ ಮೆಟ್ಟಿಲಿಗೆ ಹೋಗುವಷ್ಟರಲ್ಲಿ ಕೈ ನಡುಗಿ, ಬಾಯಿ ಒಣಗಿ, ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಕೆಳಗೆ ನಿಂತವರಿಗೂ ಕೇಳಿಸುತ್ತದೇನೋ ಅನ್ನಿಸುತ್ತಿತ್ತು. ಸಾಹೇಬರು ಕನಿಕರಪಟ್ಟು ಬಿಲ್ ಹಂಚುವುದಕ್ಕೆ ಹಾಕಿದರು. ಜೊತೆಯವರು ‘ನೆಲದ ಲೈನ್‌ಮನ್’ ಎಂದು ಚುಡಾಯಿಸಿದರು. ಇಸಿಜಿ ಮಾಡಿಸಿದೆ, ಎದೆ ಗಟ್ಟಿಯಾಗಿದೆ ಅಂದರು. ಮನೆಯವಳ ಕಾಟಕ್ಕೆ ತಾಯತ ಕಟ್ಟಿಸಿಕೊಂಡೆ, ಅದು ಬೆವರಿಗೆ ಕಡಿತ ಹತ್ತಿಸಿತು ಅಷ್ಟೆ. ಕೊನೆಗೆ ಒಬ್ಬ ಡಾಕ್ಟರು ಮಾತ್ರೆ ಬರೆದುಕೊಟ್ಟು, ಬುಧವಾರ ಬುಧವಾರ ಒಂದು ಗುಂಪು ಸೇರುತ್ತದೆ, ಅಲ್ಲಿಗೂ ಹೋಗಿ ಎಂದರು.

ಗುಂಪು ಅಂದಾಗ ನಾನು ಭಜನೆಯೋ ಯೋಗವೋ ಇರಬೇಕು ಎಂದುಕೊಂಡೆ. ಹೋಗಿ ನೋಡಿದರೆ ಒಂದು ಹಳೆಯ ಗೋದಾಮಿನ ಪಕ್ಕದ ಕೋಣೆ. ಒಂಬತ್ತು ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಶಿವಮೊಗ್ಗದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಮೇಡಂ, ಎಂಟು ಜನ ನಾವು. ಮೇಜಿಲ್ಲ, ಬೋರ್ಡಿಲ್ಲ, ಪುಸ್ತಕವಿಲ್ಲ. ಹನ್ನೊಂದರಿಂದ ಹನ್ನೆರಡೂವರೆ ತನಕ ಮಾತಾಡುವುದು ಮತ್ತು ಮಾತಾಡುವವರನ್ನು ಕೇಳುವುದು, ಅದೇ ಚಿಕಿತ್ಸೆ. ಇದಕ್ಕೆ ನಾನು ಅರ್ಧ ದಿನ ರಜೆ ಹಾಕಿ ಬರಬೇಕಾ ಎಂದು ಮೊದಲನೇ ವಾರ ಮೈಯೆಲ್ಲ ಉರಿಯಿತು.

ಮೇಡಂ ಕಾನೂನುಗಳು ಬೇರೆ ಇದ್ದವು. ಹೆಸರು ಹೇಳುವ ಹಾಗಿಲ್ಲ, ಊರಿನ ಹೆಸರಿನಲ್ಲೇ ಕರೆಯಬೇಕು. ಹಾಗಾಗಿ ನಾನು ಶಿಕಾರಿಪುರದವರು ಆದೆ. ಕುಡಿತ ಬಿಟ್ಟು ಎಂಟು ತಿಂಗಳಾಗಿದ್ದ ಒಬ್ಬ ಕುರಿ ಸಾಕುವವರು ಉಡುತಡಿಯಣ್ಣ ಆದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ, ಐವತ್ತೈದರ ಆಚೀಚೆಯ ಹೆಂಗಸು ಕುಬಟೂರಿನಕ್ಕ. ಕೋಣೆಯಲ್ಲಿ ಆಡಿದ ಮಾತು ಕೋಣೆಯಲ್ಲೇ ಇರಬೇಕು. ಹೊರಗೆ ಎದುರಾದರೆ ಅವರಾಗಿ ಮಾತಾಡಿಸುವ ತನಕ ನಾವು ಮಾತಾಡಿಸಬಾರದು, ಯಾಕೆಂದರೆ ಅವರ ಪಕ್ಕದಲ್ಲಿ ಯಾರಿರುತ್ತಾರೋ, ಅವರಿಗೆ ಏನು ಹೇಳಿರುತ್ತಾರೋ ನಮಗೆ ಗೊತ್ತಿರುವುದಿಲ್ಲ. ಒಬ್ಬರ ಮನೆಗೆ ಇನ್ನೊಬ್ಬರು ಹೋಗಬಾರದು. ಯಾರಾದರೂ ಅತ್ತರೆ ಅಳಬೇಡಿ ಅನ್ನಬಾರದು. ಮಾತಾಡಲು ಮನಸ್ಸಿಲ್ಲದವರನ್ನು ಒತ್ತಾಯ ಮಾಡಬಾರದು.

ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಯಾರಿಗೂ ಬುದ್ಧಿ ಹೇಳಬಾರದು. ನಮ್ಮ ಕಡೆಯವರಿಗೆ ಊಟ ಬಿಡಿ ಅಂದರೆ ಬಿಟ್ಟಾರು, ಇದನ್ನು ಬಿಡುವುದು ಹೇಗೆ? ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಹುಡುಗಿ, ಕ್ಲಾಸಿನ ಬಾಗಿಲಿಗೆ ಹೋದರೆ ವಾಂತಿ ಬಂದಂತಾಗುತ್ತದೆ ಎಂದು ಹೇಳಿ ಮುಗಿಸುವ ಮುಂಚೆಯೇ ಉಡುತಡಿಯಣ್ಣ ಮುಂದಕ್ಕೆ ಬಾಗಿ, “ನೀವೊಂದು ಕೆಲ್ಸ ಮಾಡ್ರೀ” ಅಂದುಬಿಟ್ಟರು. ನಾನೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ನೀವೊಂದು ಕೆಲಸ ಮಾಡಿ ಎಂದವರು ಅವತ್ತು ಪೂರ್ತಿ ಬಾಯಿ ಮುಚ್ಚಿ ಕೂರಬೇಕು ಎಂದು ಮೇಡಂ ನಗುತ್ತಲೇ ಶಿಕ್ಷೆ ಹಾಕಿದರು. ಮೊದಲ ತಿಂಗಳು ಹನ್ನೊಂದೂಕಾಲರ ಹೊತ್ತಿಗೆ ನಮ್ಮಲ್ಲಿ ಅರ್ಧ ಜನ ಶಿಕ್ಷೆಯಲ್ಲೇ ಇರುತ್ತಿದ್ದೆವು.

ಸಲಹೆ ಕೊಡುವುದು ತಪ್ಪಾದರೆ ಮತ್ತೆ ಕೂರುವುದು ಯಾಕೆ ಎಂದು ಒಂದು ದಿನ ಜಗಳ ತೆಗೆದೆ. ಮೇಡಂ ಸಿಟ್ಟಾಗಲಿಲ್ಲ. ನಿಮಗೆ ಈ ವರ್ಷದಲ್ಲಿ ಎಷ್ಟು ಜನ ಸಲಹೆ ಕೊಟ್ಟರು ಎಂದು ಕೇಳಿದರು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹೆಂಡತಿ, ಭಾವಮೈದ, ಸಾಹೇಬರು, ಟೀ ಅಂಗಡಿಯವನು, ತಾಯತ ಕಟ್ಟಿದವನು... ಕೊಡದವರೇ ಇರಲಿಲ್ಲ. ನಿಮ್ಮ ಮಾತು ಕೊನೆಯ ತನಕ ಕೇಳಿದವರು ಎಷ್ಟು ಜನ ಎಂದು ಮುಂದಿನ ಪ್ರಶ್ನೆ. ಆ ಲೆಕ್ಕಕ್ಕೆ ಒಂದು ಹೆಸರೂ ಸಿಗಲಿಲ್ಲ.

ನಿಧಾನಕ್ಕೆ ತಿಳಿಯುತ್ತಾ ಹೋಯಿತು. ಅಲ್ಲಿ ಬಂದಿದ್ದ ಪ್ರತಿಯೊಬ್ಬರೂ ಲೋಕದಲ್ಲಿ ಹೀಗಾಗಿರುವುದು ತಮಗೊಬ್ಬರಿಗೇ ಎಂದು ನಂಬಿಕೊಂಡಿದ್ದರು. ಆ ಕಾಲೇಜಿನ ಹುಡುಗಿಯ ಕೈ ನಡುಗಿದ್ದನ್ನು ನೋಡಿದಾಗ ನನ್ನ ಕೈಯೇ ಅವಳಿಗೆ ಹೋದ ಹಾಗನ್ನಿಸಿತು, ನಾಚಿಕೆ ಒಂಚೂರು ಕಡಿಮೆಯಾಯಿತು. ಮನೆಯವರಿಗೆ ಹೇಳಿದರೆ ಅವರು ಹೆದರುತ್ತಾರೆ, ಗೆಳೆಯರಿಗೆ ಹೇಳಿದರೆ ಆಡಿಕೊಳ್ಳುತ್ತಾರೆ. ನಮ್ಮದೇ ತರಹ ಒದ್ದಾಡುತ್ತಿರುವ ಅಪರಿಚಿತರಿಗೆ ಹೇಳಿದರೆ ಎರಡೂ ಇಲ್ಲ. ಎಲ್ಲರಿಗೂ ಇದು ಒಗ್ಗುತ್ತದೆ ಎಂದು ನಾನು ಹೇಳುವುದಿಲ್ಲ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುತ್ತಿದ್ದ ಒಬ್ಬರನ್ನು ಮೇಡಂ ಎರಡನೇ ವಾರವೇ ಬೇರೆಯಾಗಿ ಕೂರಿಸಿ ಮಾತಾಡಿ, ಮೊದಲು ಡಾಕ್ಟರ ಹತ್ತಿರ ಸರಿಯಾಗಿ ತೋರಿಸಿಕೊಂಡು ಆಮೇಲೆ ಬೇಕಾದರೆ ಬನ್ನಿ ಎಂದು ಜೊತೆಗೇ ಹೋಗಿ ಬಿಟ್ಟುಬಂದರು. ಒಬ್ಬರು ಎರಡು ವಾರ ಬಂದು, ಇಷ್ಟು ಜನರೆದುರು ನನ್ನ ಕೈಲಾಗದು ಎಂದು ಬಿಟ್ಟರು. ಅವರನ್ನೂ ಮೇಡಂ ತಡೆಯಲಿಲ್ಲ.

ಕುಬಟೂರಿನಕ್ಕ ಮಾತ್ರ ಬಿಡದೆ ಬರುತ್ತಿದ್ದರು, ತಮ್ಮ ಕಷ್ಟದ ಮಾತು ಮಾತ್ರ ಆಡುತ್ತಿರಲಿಲ್ಲ. ತಮ್ಮದೇ ತಾಲ್ಲೂಕು ಸೊರಬದಲ್ಲಿ ಇಂಥದ್ದಿದ್ದರೂ ಅವರು ಹೋಗುತ್ತಿರಲಿಲ್ಲ. ಅಲ್ಲಿ ಬಸ್ ಕಂಡಕ್ಟರ್ ಕೂಡ ಯಾವುದಾದರೂ ದಾರಿಯಲ್ಲಿ ನೆಂಟನಾಗಿರುತ್ತಾನೆ. ಅದಕ್ಕೇ ಎರಡು ಬಸ್ಸು ಬದಲಾಯಿಸಿ ಶಿಕಾರಿಪುರಕ್ಕೆ ಬರುತ್ತಿದ್ದರು. ಅನುಕೂಲಸ್ಥ ಮನೆ, ಸ್ವಂತ ಶುಂಠಿ ಹೊಲ. ಒಗೆದ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ, ಆದರೆ ಎಷ್ಟು ತೊಳೆದರೂ ಹೋಗದ ಶುಂಠಿಯ ವಾಸನೆ ಆ ಕೈಗಳಲ್ಲಿ. ನಡುವೆ ಚಹಾ ಬರುತ್ತಿತ್ತು. ಸರದಿ ಮೇಲೆ ಒಬ್ಬೊಬ್ಬರು ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿ ಕೊಡಬೇಕು. ಅಕ್ಕನ ಸರದಿ ಬಂದ ದಿನ ಅವರು ಫ್ಲಾಸ್ಕ್ ಮುಟ್ಟಲಿಲ್ಲ. ನೆಲ ನೋಡುತ್ತಾ ಹೇಳಿದ್ದು ಇಷ್ಟೆ: “ನಂಗೆ ಯಾರಿಗೂ ಬಡ್ಸಕ್ಕೆ ಆಗದಿಲ್ಲ. ಮನೇಲೂ ಸೊಸೇನೇ ಬಡ್ಸದು.”

ಯಾಕೆ ಎಂದು ಮೇಡಂ ಕೇಳಲಿಲ್ಲ. ಫ್ಲಾಸ್ಕನ್ನು ಮುಂದಿನವರಿಗೆ ಕೊಟ್ಟು, ನಿಮಗೆ ಹೇಳಬೇಕು ಅನ್ನಿಸಿದ ದಿನ ಹೇಳಿ ಎಂದರು. ಕೇಳಬಾರದಾ, ಅದಕ್ಕೇ ತಾನೇ ಅವರು ಎರಡು ಬಸ್ಸು ಹತ್ತಿ ಬರುತ್ತಿರುವುದು ಎಂದು ನಾನು ಒಳಗೊಳಗೇ ಕುದಿದೆ. ತಾಳ್ಮೆ ನನ್ನ ಜಾತಕದಲ್ಲೇ ಬರೆದಿಲ್ಲ.

ಆರನೆಯದೋ ಏಳನೆಯದೋ ವಾರ ನನ್ನದನ್ನು ನಾನೇ ಹೇಳಿದೆ. ಜೋಡಿಯಾಗಿ ಕೆಲಸ ಮಾಡುತ್ತಿದ್ದ ನನ್ನ ಜೊತೆಗಾರನ ವಿಷಯ. ಒಂದು ಕಂಬದ ಮೇಲೆ ತಂತಿ ಸಡಿಲವಾಗಿತ್ತು. ಸ್ಟೇಷನ್‌ಗೆ ಫೋನ್ ಮಾಡಿ ಕರೆಂಟ್ ತೆಗೆಸಿದ್ದು ನಾನೇ. ಹತ್ತುವ ಮುಂಚೆ, ತಪ್ಪಿ ಕರೆಂಟು ಬಂದರೂ ನೆಲಕ್ಕಿಳಿಸುವ ಅರ್ಥಿಂಗ್ ಸರಪಳಿಯನ್ನು ತಂತಿಗೆ ಹಾಕಬೇಕು, ಅದು ನಿಯಮ. ಅದು ದೂರದಲ್ಲಿ ನಿಲ್ಲಿಸಿದ್ದ ಜೀಪಿನಲ್ಲಿತ್ತು. ಐದು ನಿಮಿಷದ ಕೆಲಸ, ಬಿಡು ಮಾರಾಯ ಎಂದೆ. ಅವನು ಹತ್ತಿದ. ಯಾರದೋ ಮನೆಯ ಜನರೇಟರಿನ ಕರೆಂಟು ತಿರುಗಿ ಲೈನಿಗೆ ಬಂತು... ವಿಚಾರಣೆಯಲ್ಲಿ ಜನರೇಟರಿನ ತಪ್ಪು ಎಂದು ಬರೆದರು. ಬಿಡು ಮಾರಾಯ ಎಂದವನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ.

ಹೇಳಿ ಮುಗಿಸಿದ ಮೇಲೆ ಎಲ್ಲರೂ ಕಾನೂನು ಮರೆತರು. ನಿಮ್ಮದೇನು ತಪ್ಪಿಲ್ಲ, ಅವರ ಆಯುಷ್ಯವೇ ಅಷ್ಟು ಎಂದು ಶುರು ಹಚ್ಚಿಕೊಂಡರು. ಇದೇ ಮಾತನ್ನು ನನಗೆ ಊರೆಲ್ಲ ಹೇಳಿತ್ತು. ನನಗೆ ಎದ್ದುಹೋಗೋಣ ಅನ್ನಿಸಿತು. ಆಗ ಬಾಗಿಲ ಪಕ್ಕದಿಂದ ಅಕ್ಕ ಕೇಳಿದರು. “ಹತ್ತಕ್ಕೆ ಮುಂಚೆ ಅವ್ರು ಊಟ ಮಾಡಿದ್ರಾ?”

ಎಂಥ ಪ್ರಶ್ನೆ ಇದು ಎಂದು ಅವರ ಮುಖ ನೋಡಿದೆ. ಆಮೇಲೆ ನೆನಪಾಯಿತು. ಮಾಡಿದ್ದ. ಹೊಂಗೆ ಮರದ ಕೆಳಗೆ ಕೂತು ಇಬ್ಬರೂ ತಿಂದಿದ್ದೆವು. ಅವನು ತನ್ನ ಡಬ್ಬಿ ಮುಗಿಸಿ ನನ್ನ ರೊಟ್ಟಿಗೂ ಕೈ ಹಾಕಿದ್ದ. ನಿನ್ನ ಹೆಂಡತಿ ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಜಾಸ್ತಿ ಹಾಕುತ್ತಾಳೆ, ನನಗೋಸ್ಕರವೇ ಇರಬೇಕು ಎಂದು ನನ್ನ ಕಾಲೆಳೆದಿದ್ದ. ಒಂದು ವರ್ಷ ನಾನು ನೆನೆಸಿಕೊಂಡಿದ್ದೆಲ್ಲ ಆ ಕಂಬದ ಮೇಲಿನ ಒಂದು ನಿಮಿಷವನ್ನು. ಆ ಮಧ್ಯಾಹ್ನ ಪೂರ್ತಿ ಎಲ್ಲೋ ಕಳೆದುಹೋಗಿತ್ತು. ಅದನ್ನು ಹೇಳುತ್ತಾ ಹೇಳುತ್ತಾ ನಾನು ಅತ್ತುಬಿಟ್ಟೆ, ಯಾರೂ ಅಳಬೇಡಿ ಎನ್ನಲಿಲ್ಲ. ಅಕ್ಕ ಮಾತ್ರ, “ಉಂಡು ಹತ್ತಿದ್ರು ಅನ್ನಿ” ಎಂದು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿದರು.

ಅವತ್ತೇ ಎಲ್ಲ ಸರಿಹೋಯಿತು ಎಂದೇನಿಲ್ಲ. ಮಾತ್ರೆಯೂ ನಡೆಯುತ್ತಿತ್ತು, ಮುಂದಿನ ವಾರಗಳಲ್ಲಿ ಅದೇ ಕತೆಯನ್ನು ಇನ್ನೂ ಮೂರು ಸಲ ಹೇಳಿದೆ. ಪ್ರತಿ ಸಲವೂ ತಪ್ಪು ನನ್ನದೇ ಆಗಿತ್ತು, ಆದರೆ ಅದರ ಪಕ್ಕದಲ್ಲಿ ರೊಟ್ಟಿಯೂ ಇತ್ತು. ಒಂದು ದಿನ ಯಾರಿಗೂ ಹೇಳದೆ ಏಣಿ ಹಾಕಿ ಒಂದು ಬೀದಿ ದೀಪದ ಕಂಬ ಹತ್ತಿದೆ. ಕೈ ನಡುಗಿತು, ಆದರೂ ಹತ್ತಿದೆ. ಅರ್ಥಿಂಗ್ ಹಾಕಿಯೇ ಹತ್ತಿದೆ.

ಅದನ್ನು ಗುಂಪಿನಲ್ಲಿ ಹೇಳಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಡುವ ಹೊತ್ತಿಗೆ ಅಕ್ಕ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, “ಬರೋ ಬುಧವಾರ ನಾನು ಹೇಳ್ತೀನಿ. ಎಲ್ರೂ ಇರ್ಬೇಕು” ಎಂದರು. ಅಷ್ಟು ವಾರಗಳಲ್ಲಿ ಅವರು ನಮ್ಮಿಂದ ಕೇಳಿದ್ದು ಅದೊಂದೇ. ನಾನು ಖುಷಿಯಲ್ಲಿ ಅವತ್ತು ಮನೆಗೆ ಬದನೆಕಾಯಿ ಬದಲು ಬೆಂಡೆಕಾಯಿ ಒಯ್ದು ಬೈಸಿಕೊಂಡೆ.

ಬುಧವಾರ ಬಂತು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಉಳಿದವರೆಲ್ಲ ಇದ್ದೆವು, ಬಾಗಿಲ ಪಕ್ಕದ ಕುರ್ಚಿ ಖಾಲಿ. ನನ್ನ ತಲೆಯಲ್ಲಿ ಏನೇನೋ ಓಡತೊಡಗಿತು. ಹೇಳುತ್ತೇನೆ ಎಂದು ಹೇಳಿ, ಹೇಳಲಾಗದೆ ಏನಾದರೂ ಮಾಡಿಕೊಂಡಿದ್ದರೆ? ಮೇಡಂಗೆ ಕೇಳಿದೆ. ಅವರ ನಂಬರ್ ನನ್ನ ಹತ್ತಿರ ಇದೆ, ನಾನು ಮಾತಾಡುತ್ತೇನೆ, ನೀವು ಯಾರೂ ಏನೂ ಮಾಡಬೇಡಿ ಎಂದರು. ಹೊರಗೆ ಬಂದ ಮೇಲೆ ಉಡುತಡಿಯಣ್ಣ ಗೊಣಗಿದರು. “ಮನುಷ್ಯಾ ಬರ್ಲಿಲ್ಲ ಅಂದ್ರ ಮನೀಗೆ ಹೋಗಿ ಏನಾತು ಅಂತ ಕೇಳಬಾರ್ದೇನ್ರೀ? ಇದೆಂಥಾ ಕಾನೂನು?”

ನನಗೂ ಅದೇ ಅನ್ನಿಸಿತ್ತು. ನಮ್ಮ ಕಡೆ ಸಂಘದ ಮೀಟಿಂಗಿಗೆ ಒಬ್ಬರು ತಪ್ಪಿಸಿದರೆ ಸಂಜೆಯೊಳಗೆ ಇಬ್ಬರು ಅವರ ಜಗಲಿಯಲ್ಲಿರುತ್ತಾರೆ. ಹೋಗದಿದ್ದರೆ ಅದು ಅವಮಾನ, ನಾನು ಸತ್ತೆನೋ ಬದುಕಿದೆನೋ ಎಂದು ಒಬ್ಬರೂ ಬರಲಿಲ್ಲ ಎಂದು ವರ್ಷಗಟ್ಟಲೆ ಎತ್ತಿ ಆಡುತ್ತಾರೆ. ಮೇಡಂ ಶಿವಮೊಗ್ಗದವರು, ಇದೆಲ್ಲ ಅವರಿಗೆ ಹೇಗೆ ಗೊತ್ತಾಗಬೇಕು ಎಂದು ನಾನೇ ತೀರ್ಮಾನ ಮಾಡಿದೆ. ಮಾರನೇ ದಿನ ಒಂದು ಕೆಜಿ ಕಿತ್ತಳೆ, ಬ್ರೆಡ್ಡು, ಬಿಸ್ಕತ್ತು ಕಟ್ಟಿಸಿಕೊಂಡು ಉಡುತಡಿಯಣ್ಣನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕುಬಟೂರಿಗೆ ಹೋದೆ. ಶುಂಠಿ ಹೊಲದ, ಬುಧವಾರ ಶಿಕಾರಿಪುರಕ್ಕೆ ಬರುವ ಅಕ್ಕನ ಮನೆ ಯಾವುದು ಎಂದು ಕೇಳುತ್ತಾ ಹೋದೆವು. ಆ ಮೂರ್ಖತನವನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಜಗಲಿಯಲ್ಲಿ ಮಗ ಇದ್ದ. ಮರ್ಯಾದಸ್ಥ, ಕುಳಿತುಕೊಳ್ಳಿ ಎಂದ. ನಾವು ಅಕ್ಕನ ಗುಂಪಿನವರು, ನಿನ್ನೆ ಬರಲಿಲ್ಲವಲ್ಲ, ಹುಷಾರಿದ್ದಾರೋ ಇಲ್ಲವೋ ಎಂದು ನೋಡಿಕೊಂಡು ಹೋಗೋಣ ಅಂತ ಬಂದೆವು ಎಂದೆ. ಯಾವ ಗುಂಪು ಎಂದು ಅವನು ಕೇಳಿದ. ಅವ್ವ ಬುಧವಾರ ಹೋಗುವುದು ಮೊಣಕಾಲಿಗೆ ಕರೆಂಟ್ ಕೊಡಿಸಿಕೊಳ್ಳುವುದಕ್ಕಲ್ಲವಾ ಎಂದ. ಉಡುತಡಿಯಣ್ಣ ಅಪಾಯ ಅರಿತು ನನ್ನ ಖಾಕಿ ಅಂಗಿ ತೋರಿಸಿ, ಹೌದು, ಇವರು ಕರೆಂಟಿನವರೇ ಎಂದುಬಿಟ್ಟರು. ಬೇರೆ ದಿನವಾಗಿದ್ದರೆ ನಗಬಹುದಿತ್ತು. ಮಗ ನಗಲಿಲ್ಲ. ಅವನು ಒಂದೊಂದಾಗಿ ಕೇಳುತ್ತಾ ಹೋದ, ನಾನು ಸುಳ್ಳು ಹೇಳಲು ಬಾರದ ದಡ್ಡ, ಒಂದೊಂದಾಗಿ ಹೇಳುತ್ತಾ ಹೋದೆ.

“ಹಂಗಾರೆ ನಮ್ಮವ್ವ ಹುಚ್ಚರ ಜೊತೆ ಕೂತ್ಕಂಡು ನಮ್ಮನೆ ವಿಷ್ಯ ಹೇಳ್ಕಂಡು ಬರ್ತಾರಾ?” ಎಂದು ಅವನು ಕೇಳುವ ಹೊತ್ತಿಗೆ ಅಕ್ಕ ಹಿತ್ತಲಿನಿಂದ ಬಂದರು. ಕಾಲಲ್ಲಿ ಮಣ್ಣು, ಕೈಯಲ್ಲಿ ಹಸಿ ಶುಂಠಿ. ಅವರಿಗೆ ಏನೂ ಆಗಿರಲಿಲ್ಲ. ಹಿಂದಿನ ದಿನ ಶುಂಠಿ ಕೀಳಲು ಆಳು ಬಂದಿದ್ದರು, ಬಿಟ್ಟು ಬರಲಾಗಲಿಲ್ಲ, ಅಷ್ಟೆ. ಅದನ್ನು ಅವರು ಮೇಡಂಗೆ ಫೋನಿನಲ್ಲಿ ಹೇಳಿಯೂ ಆಗಿತ್ತೆಂದು ಆಮೇಲೆ ತಿಳಿಯಿತು. ಮುಂದಿನ ವಾರ ಬಂದು ಹೇಳುತ್ತಿದ್ದರು. ಅವರು ನಮ್ಮನ್ನು ನೋಡಿದರು, ಮಗನನ್ನು ನೋಡಿದರು. ಕೈಯ ಶುಂಠಿಯನ್ನು ಜಗಲಿಯ ಅಂಚಿನಲ್ಲಿಟ್ಟರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು, “ಬಂದೀರಲ್ಲ, ಕೂತ್ಕಳಿ. ಚಾ ಕುಡ್ಕಂಡು ಹೋಗಿ” ಎಂದು ಹೇಳಿ ಒಳಗೆ ಹೋದರು. ಸೊಸೆ ಚಹಾ ತಂದುಕೊಟ್ಟರು. ಅಕ್ಕ ಮತ್ತೆ ಹೊರಗೆ ಬರಲಿಲ್ಲ.

ಮುಂದಿನ ಬುಧವಾರ ಮೇಡಂ ಎದುರು ಎಲ್ಲ ಒಪ್ಪಿಕೊಂಡೆ. ಅವರು ಕೂಗಾಡಲಿಲ್ಲ. ತಾವು ಫೋನ್ ಮಾಡಿದರೆ ಈಗ ಯಾರೂ ಎತ್ತುತ್ತಿಲ್ಲ ಎಂದರು. ಇನ್ನು ಅವರ ಮನೆಯ ಹತ್ತಿರ ಯಾರೂ ಸುಳಿಯಬೇಡಿ, ಇನ್ನಷ್ಟು ಕಷ್ಟ ಕೊಟ್ಟ ಹಾಗಾಗುತ್ತದೆ, ಅವರಾಗಿ ಬಂದರೆ ಬರಲಿ, ಕುರ್ಚಿ ಹಾಕಿಟ್ಟು ಕಾಯೋಣ ಎಂದರು. ನಾವು ಕಾದೆವು. ಪ್ರತಿ ಬುಧವಾರ ನಾನೇ ಆ ಕುರ್ಚಿಯನ್ನು ಒರೆಸಿ ಬಾಗಿಲ ಪಕ್ಕ ಇಡುತ್ತಿದ್ದೆ. ನನ್ನ ಕೈ ಗುಣವಾಗಿತ್ತು, ಕಂಬ ಹತ್ತುತ್ತಿದ್ದೆ, ಗುಂಪಿಗೆ ಹೋಗುವ ಅಗತ್ಯವೇ ಇರಲಿಲ್ಲ. ಆ ಕುರ್ಚಿ ಇಡುವುದಕ್ಕೆಂದೇ ಐದಾರು ತಿಂಗಳು ಹೋದೆ.

ಆ ದಿನಗಳಲ್ಲಿ ಅವರ ಪ್ರಶ್ನೆಯನ್ನು ಎಷ್ಟು ಸಲ ತಿರುಗಿಸಿ ನೋಡಿದೆನೋ. ಹತ್ತುವ ಮುಂಚೆ ಊಟ ಮಾಡಿದ್ದರಾ... ಯಾರಿಗೂ ಬಡಿಸಲಾಗದ ಹೆಂಗಸು ಅದನ್ನು ಸುಮ್ಮನೆ ಕೇಳುವುದಿಲ್ಲ. ಯಾರೋ ಒಬ್ಬರು ಅವರ ಮನೆಯಿಂದ ಹಸಿದ ಹೊಟ್ಟೆಯಲ್ಲಿ ಎದ್ದು ಹೋಗಿರಬೇಕು, ವಾಪಸ್ ಬರದೇ ಇದ್ದಿರಬೇಕು. ಗಂಡನೋ, ತಮ್ಮನೋ, ಇನ್ಯಾರೋ. ಇದು ನನ್ನ ಊಹೆ ಮಾತ್ರ. ಹಾಗಿದ್ದರೆ ಅವರು ತಮ್ಮ ಬೆಂಕಿಯನ್ನು ಕೈಯಲ್ಲಿಟ್ಟುಕೊಂಡೇ ನನ್ನದನ್ನು ಆರಿಸಿದರು ಎಂದಾಯಿತು. ಅದಕ್ಕೆ ನಾನು ಕೊಟ್ಟ ಪ್ರತಿಫಲ ಒಂದು ಕೆಜಿ ಕಿತ್ತಳೆ.

ಒಮ್ಮೆ ಅವರು ಕಂಡಿದ್ದರು. ಒಂದು ವರ್ಷ ಕಳೆದಿರಬೇಕು, ಶಿಕಾರಿಪುರ ಬಸ್ ನಿಲ್ದಾಣದಲ್ಲಿ ಕಲ್ಲು ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು, ತೊಡೆಯ ಮೇಲೆ ಒಂದು ಕೈಚೀಲ. ಕಣ್ಣು ಕಣ್ಣು ಸೇರಿತು. ನನ್ನ ಕಾಲು ಅತ್ತ ಕಡೆ ಎರಡು ಹೆಜ್ಜೆ ಹಾಕಿಯೂ ಬಿಟ್ಟಿತ್ತು. ತಕ್ಷಣ ಮೇಡಂ ಕಾನೂನು ನೆನಪಾಯಿತು, ಅವರಾಗಿ ಮಾತಾಡಿಸುವ ತನಕ ನಾವು ಮಾತಾಡಿಸಬಾರದು. ಈ ಸಲವಾದರೂ ಸರಿಯಾಗಿ ನಡೆದುಕೊಳ್ಳೋಣ ಎಂದು ಬಸ್ಸುಗಳ ಬೋರ್ಡು ಓದುವವನ ಹಾಗೆ ತಿರುಗಿ ನಿಂತೆ. ಅವರು ನನ್ನನ್ನೇ ನೋಡುತ್ತಿದ್ದುದು ಬೆನ್ನಿಗೆ ಗೊತ್ತಾಗುತ್ತಿತ್ತು. ಬಸ್ಸು ಬಂತು, ಹತ್ತಿದರು, ಹೋದರು. ಕಡೆಗೂ ನಿಯಮ ಪಾಲಿಸಿದೆ ಎಂದು ಅವತ್ತು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಆಮೇಲೆ ಗುಂಪೂ ನಿಂತುಹೋಯಿತು. ಮೇಡಂ ಕೆಲಸದ ಅವಧಿ ಮುಗಿಯಿತಂತೆ, ಬದಲಿಗೆ ಯಾರೂ ಬರಲಿಲ್ಲ. ಆ ಕೋಣೆಯಲ್ಲಿ ಈಗ ಗೊಬ್ಬರದ ಚೀಲ ಪೇರಿಸಿದ್ದಾರೆ. ಅಂಥ ಒಂದು ಕೋಣೆ ಮಾಡಲು ಬೇಕಾದದ್ದು ಒಂಬತ್ತು ಕುರ್ಚಿ ಮತ್ತು ಕೇಳುವುದನ್ನು ಕಲಿತ ಒಬ್ಬ ಮನುಷ್ಯ. ಅದನ್ನೂ ನಡೆಸಲಾಗದ ನಮ್ಮ ಯೋಗ್ಯತೆಗೆ ಏನನ್ನಬೇಕೋ ತಿಳಿಯದು. ಈಗಲೂ ಕೆಲಸಕ್ಕೆ ಹೊಸದಾಗಿ ಸೇರಿದ ಯಾರದಾದರೂ ಕೈ ನಡುಗುವುದು ಕಂಡರೆ, ಅವನನ್ನು ಎಲ್ಲಿಗೆ ಕಳಿಸಲಿ ಎಂದು ತೋಚುವುದಿಲ್ಲ. ಶಿವಮೊಗ್ಗಕ್ಕೆ ಹೋಗು ಎನ್ನುತ್ತೇನೆ, ಅವನು ಹೋಗುವುದಿಲ್ಲ.

ಮೊನ್ನೆ ಆ ಟ್ರ್ಯಾಕ್ಟರು ಕಡೆಗೂ ಪಕ್ಕದ ದಾರಿಗೆ ತಿರುಗಿತು, ನಾನು ಕುಬಟೂರು ಸೇರಿದೆ. ವರ್ಗವಾಗಿ ಬಂದ ಮೇಲೂ ಒಂದು ವರ್ಷ ಆ ಊರಿನ ಕಂಪ್ಲೇಂಟನ್ನೆಲ್ಲ ಬೇರೆಯವರ ತಲೆಗೆ ಕಟ್ಟಿ ತಪ್ಪಿಸಿಕೊಂಡಿದ್ದೆ, ಮೊನ್ನೆ ಯಾರೂ ಸಿಗಲಿಲ್ಲ. ಕೆಟ್ಟಿದ್ದು ಅಕ್ಕನ ಬೀದಿಯದೇ ಲೈನು. ಸರಪಳಿ ಹಾಕಿ, ಹತ್ತಿ, ಸುಟ್ಟ ತುಂಡನ್ನು ಬದಲಾಯಿಸಿದೆ. ಮೇಲಿನಿಂದ ಅವರ ಜಗಲಿ ಕಾಣುತ್ತಿತ್ತು. ಇಳಿದಾಗ ಸೊಸೆ ಚೊಂಬಿನಲ್ಲಿ ನೀರು ಹಿಡಿದುಕೊಂಡು ನಿಂತಿದ್ದರು. ನನ್ನ ಮುಖ ನೋಡಿ, ನೀವು ಅವತ್ತು ಬಂದಿದ್ದವರಲ್ಲವಾ ಎಂದರು. ಗುರುತು ಸಿಕ್ಕಿದ ಮೇಲೆ ತಪ್ಪಿಸಿಕೊಳ್ಳುವುದು ಹೇಗೆ, ಅಕ್ಕ ಹೇಗಿದ್ದಾರೆ ಎಂದು ಕೇಳಿದೆ. ಅತ್ತೆ ಹೋಗಿ ವರ್ಷದ ಮೇಲಾಯಿತು ಎಂದರು. ಜ್ವರ ಬಂದದ್ದು ನೆಪ, ನಾಲ್ಕೇ ದಿನವಂತೆ.

ಕೊಟ್ಟ ಚೊಂಬಿನ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದೆ. ಅವತ್ತು ನಾನು ಬರಬಾರದಿತ್ತಮ್ಮ, ನನ್ನಿಂದಲೇ ನೀವು ಅವರನ್ನು ಗುಂಪಿಗೆ ಬಿಡದ ಹಾಗಾಯಿತು ಎಂದೆ. ಇಷ್ಟು ವರ್ಷ ಎದೆಯಲ್ಲಿ ಹೊತ್ತಿದ್ದನ್ನು ಹೇಳಿದೆ. ಆಕೆ ಆಶ್ಚರ್ಯದಿಂದ ನನ್ನನ್ನು ನೋಡಿದರು.

“ಬಿಡ್ಲಿಲ್ಲ ಅಂತ ಯಾರಂದ್ರು? ಇವ್ರು ಎಂಟತ್ತು ದಿನ ಕೂಗಾಡಿದ್ರು, ಫೋನೂ ಎತ್ತಕ್ಕೆ ಬಿಡ್ಲಿಲ್ಲ, ಹೌದು. ಆಮೇಲೆ ಅವ್ರೇ, ನಿಂಗೆ ನಿದ್ದೆ ಬರತ್ತೆ ಅನ್ನದಾದ್ರೆ ಹೋಗವ್ವ ಅಂದ್ರು. ಇವ್ರು ನಿಮ್ಮನ್ನ ಹುಚ್ಚರು ಅಂದ್ಮೇಲೆ ಅತ್ತೆಗೇ ಮುಖ ಇಟ್ಕಂಡು ಹೋಗಕ್ಕೆ ಆಗ್ಲಿಲ್ಲ. ಚಾ ಕುಡ್ಸಿ ಕಳ್ಸಿದೀನಿ, ಬೈದಿಲ್ಲ, ಇನ್ನೊಂದ್ಸಲ ಬಂದು ಕರೀತಾರೆ ಅಂತಿದ್ರು. ಬುಧವಾರ ಬಂತು ಅಂದ್ರೆ ತಲೆ ಬಾಚ್ಕಂಡು, ಒಳ್ಳೆ ಸೀರೆ ಉಟ್ಕಂಡು ಜಗಲಿ ಮೇಲೆ ಕೂರದು. ಬಸ್ ಹೋದ್ಮೇಲೆ ಸೀರೆ ಬದಲಾಯ್ಸಿ ಹೊಲಕ್ಕೆ ಹೋಗದು. ಒಂದ್ಸಲ ಅತ್ತೇನೇ ಶಿಕಾರಿಪುರಕ್ಕೂ ಹೋಗಿ ಬಂದ್ರು. ಯಾರೂ ಮಾತಾಡ್ಸಲಿಲ್ಲ ಅಂದ್ರು.”

ನಾವು ಅಲ್ಲಿ ಕುರ್ಚಿ ಒರೆಸಿಟ್ಟು ಅವರಾಗಿ ಬರಲಿ ಎಂದು ಕಾದೆವು, ಅವರು ಇಲ್ಲಿ ಸೀರೆ ಉಟ್ಟು ಕರೆಯಲು ಬರಲಿ ಎಂದು ಕಾದರು. ಒಮ್ಮೆ ಮುಖಭಂಗವಾದ ಮೇಲೆ ಯಾರಾದರೂ ಬಂದು ಕರೆಯದೆ ತಿರುಗಿ ಹೋಗದ ಜನ ನಾವು, ಅದು ನನಗೆ ಗೊತ್ತಿತ್ತು. ಮೇಡಂಗೆ ಗೊತ್ತಿರಲಿಲ್ಲ, ಸರಿ, ನನಗೆ ಗೊತ್ತಿತ್ತಲ್ಲ. ಹೋಗಬಾರದ ದಿನ ಹಣ್ಣು ಕಟ್ಟಿಕೊಂಡು ಹೋದವನು, ಹೋಗಬೇಕಾಗಿದ್ದ ಅಷ್ಟು ಬುಧವಾರಗಳಲ್ಲಿ ಒಂದು ದಿನವೂ ಹೋಗಲಿಲ್ಲ.

ಆಕೆ ಖಾಲಿ ಚೊಂಬು ತೆಗೆದುಕೊಂಡು, ದನಿ ತಗ್ಗಿಸಿ ಕೇಳಿದರು. “ಅಲ್ಲಿ ಅತ್ತೆ ಎಂತ ಹೇಳ್ಕಂಡಿದ್ರು? ಕೊನೇ ತನ್ಕ ಒಂದಿನಾನೂ ಯಾರಿಗೂ ಕೈಯಾರೆ ಒಂದು ತುತ್ತು ಬಡ್ಸಲಿಲ್ಲ. ಎಂತಕ್ಕೆ ಅಂತ ನಮಗೆ ಹೇಳ್ಲೇ ಇಲ್ಲ. ನಿಮಗಾದ್ರೂ ಹೇಳಿರ್ತಾರೆ.”

ಅವರು ಏನೂ ಹೇಳಲಿಲ್ಲ ಎಂದೆ. ಆಕೆ, ಹೇಳಬಾರದು ಅಂತ ನಿಮ್ಮಲ್ಲಿ ಕಾನೂನು ಇದೆಯಂತಲ್ಲ, ಅತ್ತೆ ಹೇಳಿದ್ದರು, ಹೋಗಲಿ ಬಿಡಿ ಎಂದು ಒಳಗೆ ಹೊರಟರು. ಕಾನೂನಲ್ಲಮ್ಮ, ನಿಜವಾಗಿಯೂ ಹೇಳಲಿಲ್ಲ, ಹೇಳುವುದಕ್ಕೆ ನಾನು ಬಿಡಲಿಲ್ಲ ಎಂದು ಬಾಗಿಲ ತನಕ ಹೋಗಿ ಇನ್ನೊಂದು ಸಲ ಹೇಳಿದೆ. ಆಕೆ ನಂಬಲಿಲ್ಲ.